ಕರಡಿಗುಡ್ಡದಲ್ಲಿ ಮುಂದೆ ನಡೆಯುವವಳು

ಬೋರೆಕೊಪ್ಪಲು
ನಾಗಮಂಗಲ ತಾಲ್ಲೂಕು
9 ಆಗಸ್ಟ್ 1992

ಅಪ್ಪನಿಗೆ,

ಕಾಗದದ ತಲೆಯ ಮೇಲೆ ಶ್ರೀಕಾರ ಹಾಕಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ನಿಮ್ಮ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆಂದು ಗೊತ್ತು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಮಾರ್ಚಿನಲ್ಲಿ ನೀವು ಅಡುಗೆ ಮಾಡುವ ದೇವಸ್ಥಾನದ ಬಾಗಿಲಲ್ಲೇ ನಿಂತು ನಾನು ಮೂಢನಂಬಿಕೆಯ ವಿರುದ್ಧ ಕರಪತ್ರ ಹಂಚಿದ ಮೇಲೆ ನಾವಿಬ್ಬರೂ ನೆಟ್ಟಗೆ ಮಾತಾಡಿಲ್ಲ. ಊರು ಬಿಡುವ ದಿನ ನೀವು ಬಸ್ ಸ್ಟ್ಯಾಂಡಿಗೆ ಬಂದಿರಿ. ಬಸ್ಸು ಹೊರಡುವವರೆಗೂ ಗೋಡೆಯ ಮೇಲಿನ ವೇಳಾಪಟ್ಟಿ ಓದುತ್ತಾ ನಿಂತಿದ್ದಿರಿ. ನಾನೂ ಕಿಟಕಿಯಿಂದ ಅದನ್ನೇ ಓದಿದೆ. ಶ್ರೀರಂಗಪಟ್ಟಣದಿಂದ ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಈಗಲೂ ನನಗೆ ಬಾಯಿಪಾಠ.

ಸಾಕ್ಷರತಾ ಆಂದೋಲನದವರು ನನಗೆ ಕೊಟ್ಟ ಊರು ಇದು. ನಲವತ್ತು ಮನೆ, ಬೆನ್ನಿಗೆ ಒಂದು ಬಂಡೆಗುಡ್ಡ. ಸಂಜೆ ಶಾಲೆಯ ಜಗಲಿಯಲ್ಲಿ ಹನ್ನೊಂದು ಜನ ಹೆಂಗಸರಿಗೆ ಅಕ್ಷರ ಕಲಿಸುತ್ತೇನೆ. ಅವರಲ್ಲೊಬ್ಬರಾದ ಕುಳ್ಳಮ್ಮನ ಮನೆಯಲ್ಲೇ ನನ್ನ ವಾಸ. ಐವತ್ತು ದಾಟಿದವರು, ಒಂಟಿ. ನಾನು ಬಂದ ದಿನವೇ ನನ್ನ ಕೈಹಿಡಿದು ತಿರುಗಿಸಿ ನೋಡಿ, “ಈ ರಟ್ಟೇಲಿ ಸರ್ಕಾರ ಬದ್ಲಾಯಿಸ್ತೀಯಾ? ಮೊದ್ಲು ಉಣ್ಣು” ಎಂದರು.

ಈಗ ಸೀತಾಫಲದ ಕಾಲ ಹತ್ತಿರ ಬಂದಿದೆ. ಹೆಂಗಸರು ಗುಡ್ಡದ ಬುಡದಲ್ಲಿ ಹಿಂದಿನ ದಿನವೇ ಹಣ್ಣು ಕಿತ್ತಿಟ್ಟು, ಬೆಳಗಿನ ಜಾವ ಬುಟ್ಟಿ ಹೊತ್ತು ಗುಡ್ಡ ಹತ್ತಿ ಆಚೆ ಬದಿಗೆ ಇಳಿದು ಪಾಂಡವಪುರದ ಬಸ್ಸು ಹಿಡಿಯುತ್ತಾರೆ. ಸುತ್ತಿಕೊಂಡು ಹೋದರೆ ಅರ್ಧ ದಿನ, ಗುಡ್ಡ ಹತ್ತಿಳಿದರೆ ಎರಡು ಗಂಟೆ. ಆ ಎರಡು ಗಂಟೆಯ ದಾರಿಯಲ್ಲಿ ಕರಡಿಗಳಿವೆ.

ಅದಕ್ಕೆ ಇವರು ಮಾಡಿಕೊಂಡಿರುವ ಉಪಾಯ ಕೇಳಿ. ಸಾಲಿನಲ್ಲಿ ಮುಂದೆ ನಡೆಯುವವಳು ಪ್ರತಿ ತಿರುವಿನಲ್ಲೂ ಕೋಲಿನಿಂದ ಬಂಡೆಗೆ ಬಡಿದು “ದಾರಿ ಬುಡಪ್ಪೋ ಕರಿಯಪ್ಪಾ!” ಎಂದು ಕೂಗಬೇಕು. ಹಿಂದಿನವರು “ಬುಡಪ್ಪೋ” ಎನ್ನಬೇಕು. ಕರಿಯಪ್ಪ ಗುಡ್ಡದ ದೇವರು, ಕರಡಿಗಳು ಅವನ ನಾಯಿಗಳು! ಮುಂದೆ ನಡೆಯುವುದು ಇಲ್ಲಿ ದೊಡ್ಡ ಮರ್ಯಾದೆ. ಹದಿನೆಂಟು ವರ್ಷದಿಂದ ಅದು ಕುಳ್ಳಮ್ಮನದು.

ದೇವರಿಗೂ ಕರಡಿಗೂ ಏನು ಸಂಬಂಧ ಎಂದು ಕೇಳಿದೆ.

“ಬೇರೇರ ಮನೆತಾವ್ಕೆ ಹೋದ್ರೆ ಯಜಮಾನ್ನ ಕೂಗಾಕಿಲ್ವಾ? ಕೂಗುದ್ರೆ ನಾಯಿ ಕಟ್ಟಾಕ್ತಾನೆ. ಕೂಗ್ದೆ ನುಗ್ಗುದ್ರೆ ಕಚ್ಚುಸ್ಕತೀಯ. ಅಷ್ಟೇ ಕಣವ್ವ.”

ಇಪ್ಪತ್ತನೆಯ ಶತಮಾನ ಮುಗಿಯಲು ಎಂಟೇ ವರ್ಷ ಉಳಿದಿದೆ, ಅಪ್ಪ! ಕರಡಿಗಳ ಬಗ್ಗೆ ಕಿರುಹೊತ್ತಿಗೆ ಏನಾದರೂ ಸಿಕ್ಕರೆ ಕಳಿಸಿ. ದೇವರ ಬಗ್ಗೆ ಬೇಡ.

ಇಂತಿ,
ವನಮಾಲಾ


ಶ್ರೀ

ಶ್ರೀರಂಗಪಟ್ಟಣ
21 ಆಗಸ್ಟ್ 1992

ಚಿ. ವನಮಾಲಾಳಿಗೆ ಆಶೀರ್ವಾದ.

ಕಾಗದ ಬಂತು. ನೀನು ಬಿಟ್ಟ ಶ್ರೀಕಾರವನ್ನು ನಾನು ಮೇಲೆ ಹಾಕಿದ್ದೇನೆ. ಎರಡೂ ಕಾಗದಕ್ಕೆ ಅದೊಂದೇ ಸಾಕು.

ಅಮ್ಮ ಆರೋಗ್ಯವಾಗಿದ್ದಾಳೆ. ಪಾಕಶಾಲೆಗೆ ಹೊಸ ಹಂಡೆ ಬಂದಿದೆ, ತಳ ತೆಳು, ಅನ್ನ ಸೀಯುತ್ತದೆ. ಬೇರೆ ವಿಶೇಷವಿಲ್ಲ.

ನೀನು ಕೇಳಿದ್ದಕ್ಕಾಗಿ ಮೈಸೂರಿನಲ್ಲಿ ಎರಡು ಪುಸ್ತಕದಂಗಡಿಗೆ ಹೋದೆ. ಇರಲಿಲ್ಲ. ಹಕ್ಕಿ ನೋಡಲು ತಿರುಗುವ ಹುಡುಗರ ಕೂಟವೊಂದು ಕಾಡಿಗೆ ಹೋಗುವವರಿಗಾಗಿ ಎಂಟು ಪುಟದ ಹೊತ್ತಿಗೆ ಅಚ್ಚು ಹಾಕಿಸಿದೆಯೆಂದು ಅಂಗಡಿಯವರು ಹೇಳಿದರು. ಆ ಮನೆ ಹುಡುಕಿಕೊಂಡು ಹೋಗಿ ತಂದೆ. ಇದರ ಜೊತೆಗಿದೆ.

ಬರುವಾಗ ಬಸ್ಸಿನಲ್ಲಿ ಎರಡು ಸಲ ಓದಿದೆ. ಕರಡಿಗೆ ಕಣ್ಣು ಮಂದವಂತೆ. ಹುತ್ತಕ್ಕೆ ಮೂತಿಯಿಟ್ಟು ಗೆದ್ದಲು ಹೀರುವಾಗ ಆ ಸದ್ದಿನಲ್ಲಿ ಬೇರೇನೂ ಕೇಳಿಸದಂತೆ. ಅದು ಮನುಷ್ಯರನ್ನು ಹುಡುಕಿಕೊಂಡು ಬರುವುದಿಲ್ಲ, ತೀರಾ ಹತ್ತಿರದಲ್ಲಿ ಬೆಚ್ಚಿಬಿದ್ದಾಗ ಹೆದರಿ ಮೈಮೇಲೆ ಬೀಳುತ್ತದೆ ಎಂದು ಬರೆದಿದ್ದಾರೆ. ಓದಿ ನನಗೆ ಪಾಪ ಅನ್ನಿಸಿತು.

ಗುಡ್ಡಕ್ಕೆ ಒಬ್ಬಳೇ ಹೋಗಬೇಡ.

ನಿನ್ನ ತಂದೆ
ಜಯರಾಮಯ್ಯ


ಬೋರೆಕೊಪ್ಪಲು
13 ಸೆಪ್ಟೆಂಬರ್ 1992

ಅಪ್ಪನಿಗೆ,

ಹೊತ್ತಿಗೆ ಅದ್ಭುತವಾಗಿದೆ. ಎಂಟು ಪುಟದಲ್ಲಿ ಎಂಟು ಶತಮಾನದ ಕತ್ತಲೆ ಕಳೆಯಬಹುದು! ಮೂರು ಸಂಜೆ ಅಕ್ಷರದ ಪಾಠ ನಿಲ್ಲಿಸಿ ಇದನ್ನೇ ಹೇಳಿಕೊಟ್ಟೆ.

ಒಬ್ಬೊಬ್ಬರೇ ಹೋಗಬೇಡಿ. ಹುತ್ತ, ಪೊದೆ, ಕಲ್ಲುಗವಿಗಳ ಹತ್ತಿರ ಎಚ್ಚರವಾಗಿರಿ. ಕರಡಿ ಕಂಡರೆ ಓಡಬೇಡಿ, ಅದು ನಿಮಗಿಂತ ಜೋರಾಗಿ ಓಡುತ್ತದೆ. ಮರ ಹತ್ತಬೇಡಿ, ಅದೂ ಹತ್ತುತ್ತದೆ. ಅದರ ಕಡೆ ಮುಖ ಮಾಡಿಕೊಂಡೇ ನಿಧಾನವಾಗಿ ಹಿಂದೆ ಸರಿಯಿರಿ. ಬೆನ್ನ ಮೇಲೆ ಮರಿ ಇದ್ದರಂತೂ ಇನ್ನೂ ದೂರ ಸರಿಯಿರಿ. ಮೈಮೇಲೆ ಬಂದೇಬಿಟ್ಟರೆ ಬೋರಲು ಮಲಗಿ ಕತ್ತಿನ ಹಿಂದೆ ಕೈ ಹೆಣೆದುಕೊಳ್ಳಿ, ಅದು ದೂರ ಹೋಗುವವರೆಗೂ ಏಳಬೇಡಿ.

ಕೊನೆಯದನ್ನು ಜಗಲಿಯ ಮೇಲೆ ಮಾಡಿಸಿಯೇ ಬಿಟ್ಟೆ. ಚಲುವಮ್ಮ ಎಂಬಾಕೆ ಸುತರಾಂ ಒಪ್ಪಲಿಲ್ಲ. “ಗಂಡ ಗದರುದ್ರೂ ನೆಲ ಕಚ್ದೋಳಲ್ಲ ನಾನು, ಕರ್ಡಿಗೆ ಕಚ್ಲಾ?” ಎಂದಳು. ಕುಳ್ಳಮ್ಮ ಮಾತ್ರ ಹೇಳಿದ ತಕ್ಷಣ ಬೋರಲು ಮಲಗಿದರು. ಎಷ್ಟು ಹೊತ್ತಾದರೂ ಏಳಲೊಲ್ಲರು.

“ಏಳು ಕುಳ್ಳಕ್ಕ, ಕರ್ಡಿ ಹೋಯ್ತು.”

“ಇರಮ್ಮಿ, ಸೊಂಟಕ್ಕೆ ಇವತ್ತೇ ಒಸಿ ಸುಖ ಸಿಕ್ಕಿರೋದು.”

ಮುಂಜಾವಿನಲ್ಲಿ ಹೋಗಬೇಡಿ ಎಂಬುದಕ್ಕೆ ಮಾತ್ರ ಅವರು ಒಪ್ಪಲಿಲ್ಲ. ಎಂಟು ಗಂಟೆಯ ಬಸ್ಸು ತಪ್ಪಿದರೆ ಹಣ್ಣು ಬುಟ್ಟಿಯಲ್ಲೇ ಕೊಳೆಯುತ್ತದೆ.

ಆದರೆ ದೊಡ್ಡ ಸುದ್ದಿ ಇದಲ್ಲ. ಕೂಗು ನಿಂತಿದೆ! ಸದ್ದು ಮಾಡುತ್ತಾ ನಡೆಯಿರಿ, ಮಾತಾಡುತ್ತಾ ನಡೆಯಿರಿ ಎಂದು ಹೊತ್ತಿಗೆಯಲ್ಲೇ ಇದೆ. ಹಾಗಿದ್ದ ಮೇಲೆ ಇಲ್ಲದ ದೇವರನ್ನು ಏಕೆ ಕೂಗಬೇಕು, ನಿಮ್ಮ ನಿಮ್ಮಲ್ಲೇ ಮಾತಾಡಿಕೊಂಡು ಹೋಗಿ ಎಂದು ವಾದಿಸಿದೆ. ಗಂಟಲು ಕಟ್ಟುವವರೆಗೂ ವಾದಿಸಿದೆ. ಕೊನೆಗೆ ಕುಳ್ಳಮ್ಮನೇ ಉಳಿದವರಿಗೆ ಹೇಳಿದರು:

“ಆಗ್ಲಿ ಬುಡ್ರಮ್ಮಿ. ಮಗ ಇಷ್ಟೊಂದು ಗಂಟ್ಲು ಅರ್ಕತಾ ಅದೆ. ಮಾತಾಡ್ಕಂಡೇ ಹೋಗಾನ. ಗಂಡಸ್ರಿಗೆ ಮಾತ್ರ ಹೇಳ್ಬ್ಯಾಡಿ.”

ಮರುದಿನ ಅವರ ಕೋಲು ಬಾಗಿಲ ಮೂಲೆಯಲ್ಲೇ ಇತ್ತು. ನಾನು ಅದನ್ನು ಮುಟ್ಟಿ ನೋಡಿದೆ, ಹಿಡಿಯುವ ಜಾಗ ನುಣುಪಾಗಿ ಸವೆದಿದೆ. ನನ್ನ ಬದುಕಿನ ಮೊದಲ ಗೆಲುವು ಅಪ್ಪ ಇದು. ನಿಮಗೆ ಸಂತೋಷವಾಗದು, ಆದರೂ ಬರೆಯಬೇಕೆನ್ನಿಸಿತು.

ಇಂತಿ,
ವನಮಾಲಾ


ಬೋರೆಕೊಪ್ಪಲು
4 ಅಕ್ಟೋಬರ್ 1992

ಅಪ್ಪ,

ಮೊನ್ನೆ ಶುಕ್ರವಾರ ಬೆಳಿಗ್ಗೆ ಗುಡ್ಡದ ಮೂರನೆಯ ತಿರುವಿನಲ್ಲಿ ಕರಡಿ ಕುಳ್ಳಮ್ಮನ ಮೇಲೆ ಬಿತ್ತು. ಬಂಡೆಯ ಆ ಮಗ್ಗುಲಲ್ಲಿ ಹುತ್ತ ಕೆದರುತ್ತಿತ್ತಂತೆ. ಮುಂದೆ ಇದ್ದವರು ಅವರೇ. ಮುಖಕ್ಕೇ ಬಾಯಿ ಹಾಕಿತು. ಆಮೇಲೆ ಅವರು ಬೋರಲು ಬಿದ್ದು ಕತ್ತಿನ ಮೇಲೆ ಕೈ ಹೆಣೆದುಕೊಂಡರಂತೆ. ಅದು ಬೆನ್ನು ಮೂಸಿ ಹೊರಟುಹೋಯಿತಂತೆ.

ಹಾಲಿನ ವ್ಯಾನಿನಲ್ಲಿ ನಾಗಮಂಗಲಕ್ಕೆ ಒಯ್ದು, ಅಲ್ಲಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಜೊತೆಗೆ ಹೋದ ಅವರ ತಮ್ಮ ಒಂದು ದಿನ ಇದ್ದು ಕೆಲಸವಿದೆ ಎಂದು ಬಂದುಬಿಟ್ಟ. ವ್ಯಾನಿನಲ್ಲಿ ನನಗೆ ಜಾಗ ಇರಲಿಲ್ಲ.

ಮೈಸೂರು ನಿಮಗೆ ಹತ್ತಿರ. ನಾನು ಏನನ್ನೂ ಕೇಳುತ್ತಿಲ್ಲ. ಹೆಂಗಸರ ವಾರ್ಡು, ಮಹಡಿಯ ಮೇಲೆ.

ವನಮಾಲಾ


ಶ್ರೀ

ಶ್ರೀರಂಗಪಟ್ಟಣ
16 ಅಕ್ಟೋಬರ್ 1992

ಚಿ. ವನಮಾಲಾಳಿಗೆ ಆಶೀರ್ವಾದ.

ನಿನ್ನ ಕಾಗದ ಬಂದ ದಿನದಿಂದ ಪ್ರತಿದಿನವೂ ಹೋಗುತ್ತಿದ್ದೇನೆ. ಮಧ್ಯಾಹ್ನದ ನೈವೇದ್ಯ ಮುಗಿಸಿ ಹೊರಟರೆ ರೋಗಿಗಳನ್ನು ನೋಡುವ ಹೊತ್ತಿಗೆ ಸರಿಯಾಗುತ್ತದೆ.

ಜೀವಕ್ಕೆ ಭಯವಿಲ್ಲ. ಎಡಗಣ್ಣು ಉಳಿಯಲಿಲ್ಲ. ಕೆನ್ನೆಗೂ ನೆತ್ತಿಗೂ ಹೊಲಿಗೆ ಹಾಕಿದ್ದಾರೆ. ಬೋರಲು ಮಲಗಿ ಕತ್ತು ಮುಚ್ಚಿಕೊಳ್ಳದಿದ್ದರೆ ಬದುಕುತ್ತಿರಲಿಲ್ಲ ಎಂದು ಡಾಕ್ಟರು ನನ್ನೆದುರೇ ಹೇಳಿದರು. ಯಾರು ಹೇಳಿಕೊಟ್ಟದ್ದಮ್ಮ ಎಂದು ಕೇಳಿದರು. ಆಕೆ ನನ್ನನ್ನು ತೋರಿಸಿ, “ಇವ್ರ ಮಗ್ಳು” ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಮೊಸರನ್ನದ ಡಬ್ಬಿ ಇತ್ತು.

ಮೊಸರನ್ನ ಎರಡು ದಿನ ನಡೆಯಿತು. ಮೂರನೆಯ ದಿನ “ಸ್ವಾಮೇರೆ, ನಿಮ್ಮ ದೇವ್ರಿಗೆ ಹಲ್ಲಿಲ್ವಾ, ದಿನಾ ಇಂಥ ಮೆತ್ಗಿರೋದೇ ತಿಂತಾನಲ್ಲ. ನಂಗೆ ಮುದ್ದೆ ಇಲ್ದೆ ನಾಲ್ಗೆ ಸತ್ತೋಗದೆ” ಎಂದರು. ನನಗೆ ಮುದ್ದೆ ಕಟ್ಟಲು ಬಾರದು. ಬಾಬುರಾಯನಕೊಪ್ಪಲಿನ ಮಂಚಯ್ಯನ ಮನೆಯಲ್ಲಿ ನಿಂತು ಕಲಿತೆ. ಮೊದಲ ದಿನದ್ದನ್ನು ಬಾಯಿಗಿಟ್ಟು “ಗಂಟು ಬುಡ್ಸಾಕೆ ಇನ್ನೊಬ್ರು ಬೇಕು” ಎಂದರು. ಈಗ ಪರವಾಗಿಲ್ಲ. ನಿನ್ನ ಅಮ್ಮ ನಗುತ್ತಾಳೆ.

ನಿನ್ನೆ ಕಾಗದ ಬರೆದುಕೊಳ್ಳಿ ಎಂದರು. ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ:

“ಮಗಾ, ನೀನು ಬರ್ನಿಲ್ಲ. ಯಾಕೆ ಅಂತ ನಂಗೊತ್ತು. ಅಳ್ಬ್ಯಾಡ. ಒಂದ್ಕಣ್ಣು ಹೋದ್ರೆ ಏನಾಯ್ತು, ಸೂಜಿಗೆ ದಾರ ಪೋಣ್ಸುವಾಗ ಎಂಗೂ ಒಂದ ಮುಚ್ಕಬೇಕಲ್ಲ, ಆ ಕೆಲ್ಸ ಉಳೀತು. ನನ್ನ ತಮ್ಮಂಗೆ, ಕೂಗೋದ ಮರ್ತ್ಬುಟ್ಟೆ ಅಂತ ಹೇಳಿವ್ನಿ. ಹೆಂಗಸ್ರೆಲ್ಲಾನೂ ಅಂಗೇ ಹೇಳ್ಲಿ. ನೀನು ಬಾಯ್ಬುಟ್ಟು ಏನಾರ ಹೇಳ್ದೆ ಅಂದ್ರೆ ಊರ್ನೋರು ನಿನ್ನ ಓಡುಸ್ತಾರೆ. ಇನ್ನೂ ‘ಳ’ ಬರೆಯೋಕೆ ಬರಾಕಿಲ್ಲ ನಂಗೆ, ನನ್ನ ಹೆಸರ್ನಲ್ಲಿ ಎರಡವೆ. ಸುಮ್ಕಿರು.”

ಇಲ್ಲಿಗೆ ಆಕೆಯ ಮಾತು ಮುಗಿಯಿತು. ಬರೆಯುತ್ತಿದ್ದ ಹಾಗೆ ನಡೆದದ್ದೇನೆಂದು ನನಗೆ ಅರ್ಥವಾಯಿತು. ನಾನು ಏನೂ ಕೇಳಲಿಲ್ಲ. ನಿನಗೂ ಏನೂ ಹೇಳುವುದಿಲ್ಲ.

ಚಳಿ ಶುರುವಾಗಿದೆ. ಹೊದಿಕೆ ಇದೆಯೆ?

ನಿನ್ನ ತಂದೆ
ಜಯರಾಮಯ್ಯ


ಬೋರೆಕೊಪ್ಪಲು
24 ಅಕ್ಟೋಬರ್ 1992

ಅಪ್ಪ,

ನೀವು ‘ನಾನು ಅಂದೇ ಹೇಳಿದ್ದೆ’ ಎಂದು ಬರೆದಿದ್ದರೆ ನನಗೆ ಸುಲಭವಾಗುತ್ತಿತ್ತು. ಸಿಟ್ಟು ಮಾಡಿಕೊಳ್ಳುತ್ತಿದ್ದೆ. ನೀವು ಹೊದಿಕೆ ಕೇಳಿದ್ದೀರಿ.

ಆ ದಿನ ಏನಾಯಿತೆಂದು ಚಲುವಮ್ಮನ ಬಾಯಿಂದ ಕೇಳಿದೆ. ಮೊದಲ ತಿರುವಿನವರೆಗೂ ಮಾತಾಡಿಕೊಂಡೇ ಹೋದರಂತೆ. ಎರಡನೆಯದರಲ್ಲಿ ಏರು ಶುರುವಾಯಿತು. “ತಲೇ ಮ್ಯಾಲೆ ಬುಟ್ಟಿ, ಎದೇಲಿ ಉಸ್ರಿಲ್ಲ. ಅವ್ಳು ಮಾತಾಡ್ತಾಳೆ ಅಂತ ಇವ್ಳು, ಇವ್ಳು ಮಾತಾಡ್ತಾಳೆ ಅಂತ ಅವ್ಳು. ಎಲ್ಲಾರೂ ಸುಮ್ಕಾದೋ” ಎಂದಳು.

ನಾನು ಓದಿದ್ದು ತಪ್ಪಲ್ಲ, ಅಪ್ಪ. ಹೊತ್ತಿಗೆಯೂ ತಪ್ಪಲ್ಲ. ಆದರೆ ಕೂಗು ಒಬ್ಬಳ ಕೆಲಸವಾಗಿತ್ತು. ಉಸಿರು ಇರಲಿ ಬಿಡಲಿ ಆಕೆ ಕೂಗಲೇಬೇಕಿತ್ತು. ಮಾತು ಯಾರ ಕೆಲಸವೂ ಅಲ್ಲ. ಕರಿಯಪ್ಪನನ್ನು ತೆಗೆಯುವ ಅವಸರದಲ್ಲಿ ನಾನು ಆ ಕೆಲಸವನ್ನೂ ತೆಗೆದುಹಾಕಿದೆ. ಜಗಲಿಯ ಮೇಲೆ ಕೂತು ಹಾಗೆ ಮಾಡಿದೆ. ಗುಡ್ಡವನ್ನು ಒಂದು ಸಲವೂ ಹತ್ತಿರಲಿಲ್ಲ.

ಈಗ ಇನ್ನೊಂದು ಸಂಗತಿ. ಊರಿನ ಹಿರಿಯ ಚೌಡಯ್ಯ ಕಟ್ಟೆಯ ಮೇಲೆ ತೀರ್ಮಾನ ಹೇಳಿದ್ದಾರೆ. ಕುಳ್ಳಮ್ಮ ಕರಿಯಪ್ಪನನ್ನು ಮರೆತಳು, ಅದಕ್ಕೇ ಹೀಗಾಯಿತು. ಬಂದ ಮೇಲೆ ಒದ್ದೆ ಸೀರೆಯಲ್ಲಿ ಕರಿಯಪ್ಪನ ಕಲ್ಲಿನೆದುರು ನಿಂತು ತಪ್ಪೊಪ್ಪಿಕೊಳ್ಳಬೇಕು. ಇನ್ನು ಯಾವತ್ತೂ ಸಾಲಿನ ಮುಂದೆ ನಡೆಯುವಂತಿಲ್ಲ. ಹೆಂಗಸರು ನೆಲ ನೋಡುತ್ತಾ ಕೂತಿದ್ದರು. ನಾನೂ.

ಹದಿನೆಂಟು ವರ್ಷ ಒಂದು ತಿರುವನ್ನೂ ಮರೆಯದ ಹೆಂಗಸು ‘ಮರೆತೆ’ ಎಂದು ಹೇಳಿಕೊಂಡಿದ್ದಾರೆ, ನನಗಾಗಿ. ಒಂದು ಕಣ್ಣು ಕೊಟ್ಟದ್ದಲ್ಲದೆ ಮರ್ಯಾದೆಯನ್ನೂ ಕೊಟ್ಟಿದ್ದಾರೆ.

ನಾನು ಹೇಳಬೇಕು. ಹೇಳಿದರೆ ಓಡಿಸುತ್ತಾರೆ, ಪಾಠ ನಿಲ್ಲುತ್ತದೆ. ಅದಕ್ಕಲ್ಲ ನನ್ನ ಹೆದರಿಕೆ. ಚಲುವಮ್ಮ, ಮಾರಮ್ಮ ಇವರೆಲ್ಲ ನನ್ನ ಮುಖ ಹೇಗೆ ನೋಡುತ್ತಾರೋ ಎಂದು. ದೇವಸ್ಥಾನದ ಬಾಗಿಲಲ್ಲಿ ನೂರು ಜನರೆದುರು ನಿಂತಾಗ ನಾನು ಹೆದರಿರಲಿಲ್ಲ. ಅವರು ಯಾರೂ ನನಗೆ ಊಟ ಹಾಕಿದವರಲ್ಲ.

ವನಮಾಲಾ


ಶ್ರೀರಂಗಪಟ್ಟಣ
30 ಅಕ್ಟೋಬರ್ 1992

ವನೂ,

ಈ ಕಾಗದಕ್ಕೆ ಶ್ರೀಕಾರ ಬೇಡವೆನ್ನಿಸಿತು. ಒಳ್ಳೆಯ ಸುದ್ದಿಗೆ ಹಾಕುವಂಥದ್ದು ಅದು.

ಮಾರ್ಚಿನಲ್ಲಿ ನೀನು ಕರಪತ್ರ ಹಂಚಿದ ದಿನ ದೇವಸ್ಥಾನದ ಆಡಳಿತ ನೋಡುವ ಸಾಹೇಬರು ನನ್ನನ್ನು ಒಳಗೆ ಕರೆಸಿದರು. ಕರಪತ್ರ ಮೇಜಿನ ಮೇಲಿತ್ತು. “ಇದನ್ನು ಹಂಚಿದ ಹುಡುಗಿ ಯಾರು, ಗೊತ್ತೇನ್ರಿ?” ಎಂದರು. ನನಗೆ ಕೆಲಸ ಹೋಗುತ್ತದೆಂದು ಭಯವಾಯಿತು. “ಗೊತ್ತಿಲ್ಲ ಸ್ವಾಮಿ” ಎಂದೆ.

ಅವರು ಅಲ್ಲಿಗೆ ಬಿಟ್ಟರು. ನಾನು ಪಾಕಶಾಲೆಗೆ ಬಂದು ಉಪ್ಪನ್ನು ಎರಡು ಸಲ ಹಾಕಿದೆ.

ನೀನು ಮನೆಯಲ್ಲಿ ನನ್ನೊಡನೆ ಜಗಳವಾಡುತ್ತಿದ್ದೆ, ದೇವರ ಮಾತಿಗೆ ಅಪ್ಪನಿಗೆ ಸಿಟ್ಟು ಬಂದಿದೆ ಎಂದುಕೊಂಡಿದ್ದೆ. ನನಗೆ ಸಿಟ್ಟಿರಲಿಲ್ಲ. ನಿನ್ನ ಮುಖ ನೋಡಲಾಗುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲೂ ಇದನ್ನೇ ಹೇಳಬೇಕೆಂದು ಬಂದಿದ್ದೆ, ಹೇಳದೆ ಬಂದೆ. ಇವತ್ತು ಬೆಳಿಗ್ಗೆ ಸಾಹೇಬರ ಕೋಣೆಗೆ ಹೋಗಿ “ಆ ಹುಡುಗಿ ನನ್ನ ಮಗಳು” ಎಂದು ಹೇಳಿದೆ. ಅವರು “ಅದನ್ನು ಹೇಳಲು ಏಳು ತಿಂಗಳು ಬೇಕಾಯಿತೇನ್ರಿ?” ಎಂದರು. ಕೆಲಸವೇನೂ ಹೋಗಿಲ್ಲ. ಹೋಗಿದ್ದರೂ ಇವತ್ತು ಊಟ ರುಚಿಸುತ್ತಿತ್ತು.

ನೀನು ಹೇಳು ಎಂದು ನಾನು ಹೇಳುತ್ತಿಲ್ಲ. ತಡ ಮಾಡಿದರೆ ಹೇಗಿರುತ್ತದೆಂದು ಮಾತ್ರ ಹೇಳುತ್ತಿದ್ದೇನೆ.

ನವೆಂಬರ್ 14ರ ಶನಿವಾರ ಕುಳ್ಳಮ್ಮನನ್ನು ಮನೆಗೆ ಕಳಿಸುತ್ತಾರಂತೆ. ನೀನೇ ಬಂದು ಕರೆದುಕೊಂಡು ಹೋಗು.

ನಿನ್ನ ಅಪ್ಪ


ಬೋರೆಕೊಪ್ಪಲು
22 ನವೆಂಬರ್ 1992

ಪ್ರೀತಿಯ ಅಪ್ಪ,

ಆಸ್ಪತ್ರೆಯ ಮೆಟ್ಟಿಲ ಮೇಲೆ ನೀವು ನನ್ನ ತಲೆಯ ಮೇಲೆ ಕೈಯಿಟ್ಟದ್ದರ ಬಗ್ಗೆ ಬರೆಯಲು ಹೊರಟು ಎರಡು ಹಾಳೆ ಹರಿದೆ. ಅದು ಹಾಗೇ ಇರಲಿ.

ಕುಳ್ಳಮ್ಮನನ್ನು ಕರೆತಂದ ಮರುದಿನವೇ ಕಟ್ಟೆಯಲ್ಲಿ ಜನ ಸೇರಿದರು. ಚೌಡಯ್ಯ ಒದ್ದೆ ಸೀರೆಯ ಮಾತೆತ್ತಿದರು. ನಾನು ಎದ್ದು ನಿಂತೆ. ಎದೆಯಲ್ಲಿ ಭಾಷಣವೊಂದು ಸಿದ್ಧವಾಗಿತ್ತು, ಬಾಯಿಗೆ ಬಂದದ್ದು ಒಂದೇ ಮಾತು: “ಅವರು ಮರೀಲಿಲ್ಲ. ಕೂಗಬೇಡಿ ಅಂದವಳು ನಾನು.”

“ಅಂಗಾದ್ರೆ ನೀನೇ ನಿಂತ್ಕವ್ವ, ಒದ್ದೆ ಸೀರೇಲಿ” ಎಂದರು ಚೌಡಯ್ಯ.

“ನಿಲ್ಲೋದಿಲ್ಲ ಚೌಡಯ್ಯನೋರೇ. ನಾನು ಕರಿಯಪ್ಪನಿಗೆ ತಪ್ಪು ಮಾಡಿಲ್ಲ. ಕುಳ್ಳಮ್ಮನಿಗೆ ಮಾಡಿದ್ದೀನಿ.”

ಕುಳ್ಳಮ್ಮ ಕಟ್ಟು ಕಟ್ಟಿದ ಮುಖದಲ್ಲೇ ಸಿಡಿದರು. “ನಿನ್ನ ಉಳ್ಸಾಕೆ ಅಂತ ನಾ ಬಾಯ್ ಮುಚ್ಕಂಡಿದ್ರೆ, ಬಂದು ಒದರ್ತೀಯಲ್ಲೇ ಮೂದೇವಿ!”

ನಾನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿಯಾಗಿತ್ತು. ಆಗ ಚಲುವಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

“ಅವ್ಳೊಬ್ಳೇ ಏನ್ ಅಂದಿದ್ದು. ಹತ್ತು ಜನ ನಾವೂ ಊ ಅಂದೋ. ಯಾರ್ಯಾರ್ನ ಒದ್ದೆ ಸೀರೇಲಿ ನಿಲ್ಲುಸ್ತೀಯ ಚೌಡಣ್ಣ? ಬಾವೀಲಿ ನೀರ್ ಸಾಲ್ದು.” ಆಮೇಲೆ ನನ್ನ ಕಡೆ ತಿರುಗಿದಳು. “ನೀನು ಕೇಳಿಲ್ಲಿ. ಕಲ್ಸೋಳು ಜಗ್ಲಿ ಮ್ಯಾಲೆ, ಕಲ್ತೋಳು ಕರ್ಡಿ ಬಾಯ್ಗೆ. ಇದ್ಯಾವ ನ್ಯಾಯ? ಕುಳ್ಳಕ್ಕ ಏಳೋಗಂಟ ನೀನೇ ಮುಂದೆ ನಡಿ.”

ಚೌಡಯ್ಯ ಬೀಡಿ ಹಚ್ಚಿದರು. ಅವರಿಗೂ ಸಾಕಾಗಿತ್ತೆಂದು ಕಾಣುತ್ತದೆ.

ಹಾಗೆ ಸೋಮವಾರದಿಂದ ನಾನು ಗುಡ್ಡ ಹತ್ತುತ್ತಿದ್ದೇನೆ. ಮೊದಲ ದಿನದ್ದನ್ನು ನಿಮಗೆ ಹೇಳಬೇಕು. ಅಂಗೈಯ ಗೆರೆ ಕಾಣುವಷ್ಟು ಬೆಳಕಾದ ಮೇಲೆ ಹೊರಟೆವು. ಅದೊಂದಕ್ಕೆ ಈಗ ಎಲ್ಲರೂ ಒಪ್ಪಿದ್ದಾರೆ, ಕೊನೆಯ ಇಳಿಜಾರಿನಲ್ಲಿ ಬಸ್ಸಿಗೆ ಓಡುತ್ತೇವೆ. ಮೊದಲ ತಿರುವು ಬಂತು. ಬಂಡೆಗೆ ಕೋಲು ಬಡಿದೆ. ಕೂಗಬೇಕು. ಕರಿಯಪ್ಪ ನನ್ನ ಬಾಯಿಗೆ ಬರುವುದಿಲ್ಲ. ನನಗೆ ಗೊತ್ತಿರುವ ಕೂಗು ಒಂದೇ. ಕಣ್ಣು ಮುಚ್ಚಿ “ಧಿಕ್ಕಾರ!” ಎಂದೆ.

ಹಿಂದೆ ಬುಟ್ಟಿಗಳು ಅಲ್ಲಾಡಿದವು, ನಗುವಿಗೆ. “ಯಾರ್ಗವ್ವ ಧಿಕ್ಕಾರ? ಅದೇನ್ ಸರ್ಕಾರವಾ!” ಎಂದಳು ಮಾರಮ್ಮ. “ಅದ್ರ ಮನೇಗ್ ನಾವು ಬಂದು ಅದ್ಕೇ ಧಿಕ್ಕಾರ ಅಂದ್ರೆ ಸುಮ್ಕಿದ್ದದಾ?” ಎಂದಳು ಚಲುವಮ್ಮ.

ಎರಡನೆಯ ತಿರುವಿನಲ್ಲಿ ಹೊಳೆಯಿತು. ಬಂಡೆಗೆ ಬಡಿದು “ಚಲುವಮ್ಮಾ!” ಎಂದು ಕೂಗಿದೆ. “ಓ!” ಎಂದಳು. “ಮಾರಮ್ಮಾ!” “ಬಂದೇ!” ಹೀಗೆ ಒಬ್ಬೊಬ್ಬರ ಹೆಸರನ್ನೂ ಕೂಗಿದೆ. ಉಸಿರಿಲ್ಲದವಳೂ ಹೆಸರು ಕರೆದರೆ ಓಗೊಡಲೇಬೇಕು, ನೋಡಿ. ಯಾರೂ ಹಿಂದುಳಿದಿಲ್ಲವೆಂದೂ ತಿಳಿಯುತ್ತದೆ. ತುದಿಯಲ್ಲಿದ್ದ ಒಬ್ಬಳು ತನ್ನ ಸಮಾಧಾನಕ್ಕೆ ಮೆಲ್ಲಗೆ “ಕರಿಯಪ್ಪಾ” ಎಂದಳು. “ಕೂಗೋದಾದರೆ ಗಟ್ಟಿಯಾಗಿ ಕೂಗಿ” ಎಂದು ಹೇಳಿ ಮುಂದೆ ನಡೆದೆ.

ಮೂರನೆಯ ತಿರುವು. ಬಂಡೆಯ ಪಕ್ಕದ ಹುತ್ತ ಹೊಸದಾಗಿ ಕೆದರಿತ್ತು. ಎಲ್ಲರೂ ನನ್ನ ಬೆನ್ನಿಗೆ ಹತ್ತಿರ ಬಂದರು. ಗಂಟಲಿದ್ದಷ್ಟೂ ಎತ್ತರಿಸಿ ಹೆಸರುಗಳನ್ನು ಕೂಗುತ್ತಾ ಹೋದೆ. ಹತ್ತು ಹೆಸರು ಮುಗಿದರೂ ನಾಲಿಗೆ ನಿಲ್ಲಲಿಲ್ಲ. ತರಗತಿಯಲ್ಲಿ ನನ್ನ ಪಟ್ಟಿ ಇರುವುದು ಹನ್ನೊಂದಕ್ಕೆ.

“ಕುಳ್ಳಮ್ಮಾ!”

ಕೂಗಿದ ಮೇಲೆ ಗೊತ್ತಾಯಿತು. ಪೊದೆಯೊಳಗೆ ಏನೋ ದಡಬಡ ಸದ್ದು ಮಾಡುತ್ತಾ ನಮ್ಮಿಂದ ದೂರ ಓಡಿತು. ಆ ಸದ್ದು ಅಡಗಿದ ಮೇಲೆ, ಗುಡ್ಡದ ಬುಡದಿಂದ, ನಾವು ಬಿಟ್ಟುಬಂದ ಹಿತ್ತಿಲುಗಳ ಕಡೆಯಿಂದ ಬಂತು:

“ಓ...! ಇನ್ನೂ ಬದುಕಿವ್ನಿ ಕಣ್ರಮ್ಮೀ! ಬಸ್ಸು ತಪ್ತದೆ, ನಡೀರಿ!”

ನಿಮ್ಮ
ವನೂ